ಸಿತ್ ಇನ್ಸಾಫ್ ದನಿ ಮನೆ ಬದಲಾಯಿಸಿದ್ದು

ಈ ಕಥೆಯನ್ನು ಹೇಳಬೇಕಾದವನು ನಮ್ಮಲ್ಲಿ ಪ್ರೋಗ್ರಾಂ ಬರೆಯುವ ಹುಡುಗ ಕುತೈಬಾ. ಕೆಲಸ ಅವನದು, ತಲೆ ಅವನದು. ಆದರೆ ಅವನನ್ನು ಕೇಳಿದರೆ, "ಏನಿತ್ತು ಅದ್ರಲ್ಲಿ, ಒಂದು ಕಾರ್ಡು ಕಿತ್ತೆ, ಇನ್ನೊಂದು ಹಾಕಿದೆ" ಎಂದು ಮುಗಿಸಿಬಿಡುತ್ತಾನೆ. ನಮ್ಮ ಮೇಲಧಿಕಾರಿ ಇಂಜಿನಿಯರ್ ರಕಾನ್ ಹೇಳಿದರೆ ಕಾಫಿಯ ಭಾಗವನ್ನು ಹಾರಿಸಿಬಿಡುತ್ತಾರೆ. ಹಾಗಾಗಿ ನಾನು ಧೈರ್ಯ ಮಾಡುತ್ತಿದ್ದೇನೆ. ನಾನು ಕೇಬಲ್ ಎಳೆಯುವವನು. ಜರ್ಕಾ ಊರಿನ ಸಂಜೆ ತರಗತಿಯಲ್ಲಿ ನೆಟ್‌ವರ್ಕ್ ಪಾಠ ಕಲಿತಿದ್ದೇನೆ. ಅಲ್ಲಿಯೂ ದಿನದ ದಣಿವಿಗೆ ಅರ್ಧ ಪಾಠ ತೂಕಡಿಕೆಯಲ್ಲೇ ಹೋಯಿತು. ಎಲ್ಲಾದರೂ ತಪ್ಪು ಹೇಳಿದರೆ ತಿಳಿದವರು ಕ್ಷಮಿಸಬೇಕು, ತಿಳಿಯದವರು ನಂಬಿಬಿಡಬಾರದು.

ಅಮ್ಮಾನಿನ ಮರ್ಕಾ ಕಡೆ ನಮ್ಮ ಕಂಪನಿಯ ಕಟ್ಟಡವಿದೆ. ನೆಲಮಾಳಿಗೆಯಲ್ಲಿ ಯಂತ್ರಗಳು, ಮೇಲೆ ಕಚೇರಿಗಳು. ಮೂರನೆಯ ಮಹಡಿಯಲ್ಲಿ ಸಿತ್ ಇನ್ಸಾಫ್, ಎಂದರೆ ಇನ್ಸಾಫ್ ಮೇಡಂ, ಕೂರುತ್ತಾರೆ. ಅವರ ಮುಖ ಊರಿಗೆ ಗೊತ್ತಿಲ್ಲ, ದನಿ ಗೊತ್ತು. ಶಾಲೆ ಮುಗಿಸುವವರು ಬರೆಯುವ ತೌಜಿಹಿ ಪರೀಕ್ಷೆಯ ಫಲಿತಾಂಶ ಬರುವ ದಿನ ನಮ್ಮ ಸಂಖ್ಯೆಗೆ ಫೋನ್ ಮಾಡಿ, ಮಗುವಿನ ಆಸನ ಸಂಖ್ಯೆ ಒತ್ತಿದರೆ, ಒಂದು ಹೆಣ್ಣುದನಿ ಅಂಕಗಳನ್ನು ಓದಿ ಹೇಳುತ್ತದೆ. ಪಾಸಾದವರಿಗೆ ಕೊನೆಯಲ್ಲಿ "ಮಬ್ರೂಕ್, ಸಾವಿರ ಮಬ್ರೂಕ್" ಎಂದು ಅಭಿನಂದಿಸುತ್ತದೆ. ಆ ದನಿ ಇವರದು. ಒಮ್ಮೆ ತರಕಾರಿ ಅಂಗಡಿಯಲ್ಲಿ ಇವರು ಟೊಮೇಟೊ ಬೆಲೆ ಕೇಳಿದ್ದಕ್ಕೆ ಅಂಗಡಿಯವನು ಬೆಚ್ಚಿ, "ನನ್ನ ಮಗನನ್ನ ಗಣಿತದಲ್ಲಿ ಫೇಲು ಮಾಡಿದ್ದು ನೀವೇ ಅಲ್ವಾ!" ಎಂದನಂತೆ.

ಇಲ್ಲಿಗೆ ಬರುವ ಮೊದಲು ಅವರು ಬೇರೊಂದು ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದರು. ಅಲ್ಲಿ ಒಂದು ವರ್ಷ ಫಲಿತಾಂಶದ ದಿನವೇ ಲೈನು ಸತ್ತಿತು. ಸಾವಿರಾರು ಮನೆಗಳಲ್ಲಿ ಅವರ ದನಿ "ನಿಮ್ಮ ಮಗುವಿನ ಒಟ್ಟು ಅಂಕ..." ಎನ್ನುವಲ್ಲಿಗೆ ನಿಂತುಹೋಯಿತು. ಇರ್ಬಿದ್‌ನ ಒಬ್ಬ ಅಜ್ಜಿ ಮೊಮ್ಮಗಳು ಫೇಲಾದಳೆಂದೇ ತಿಳಿದು, ಸುದ್ದಿ ಹೇಳಲಾಗದೆ ಫೋನಿನ ಹೆಂಗಸು ಅತ್ತುಬಿಟ್ಟಳೆಂದು ಊರಿಗೆಲ್ಲ ಸಾರಿದಳು. ಅಂದಿನಿಂದ ಸಿತ್ ಇನ್ಸಾಫ್ ಒಂದು ಹಠ ಹಿಡಿದಿದ್ದಾರೆ: ಫಲಿತಾಂಶದ ವಾರ ಅವರ ಯಂತ್ರವನ್ನು ಯಾರೂ ಮುಟ್ಟಬಾರದು.

ಆ ವಾರವೇ ನಾವು ಅದನ್ನು ಮುಟ್ಟಬೇಕಾಗಿ ಬಂತು.

ಅವರ ಯಂತ್ರ ಎಂದೆ. ನಿಜಕ್ಕೂ ಅದು ಕೈಗೆ ಸಿಗುವ ಯಂತ್ರವಲ್ಲ. ನೆಲಮಾಳಿಗೆಯ ಒಂದೊಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯೊಳಗೆ ಹತ್ತಾರು ಒಳಯಂತ್ರಗಳು ಸಾಫ್ಟ್‌ವೇರ್ ರೂಪದಲ್ಲಿ ಬಾಡಿಗೆದಾರರ ಹಾಗೆ ಇರುತ್ತವೆ. ಪೆಟ್ಟಿಗೆ ಕೆಟ್ಟರೆ ಅವುಗಳನ್ನು ಇನ್ನೊಂದು ಪೆಟ್ಟಿಗೆಗೆ, ಓಡುತ್ತಿರುವಾಗಲೇ, ನಿಲ್ಲಿಸದೆ ಸಾಗಿಸಬಹುದು. ಸೋಮವಾರ ಅಂಥ ಒಂದು ಪೆಟ್ಟಿಗೆಯ ಎರಡು ವಿದ್ಯುತ್ ಘಟಕಗಳಲ್ಲಿ ಒಂದು ಸುಟ್ಟಿತು. ಉಳಿದದ್ದರ ಫ್ಯಾನು ಕರಕರ ಎನ್ನುತ್ತಿತ್ತು. ಹೊಸದು ಅಕಬಾ ಬಂದರಿನಲ್ಲಿ ಸುಂಕದವರ ಹತ್ತಿರ ಕುಳಿತಿತ್ತು. ಫಲಿತಾಂಶ ಗುರುವಾರ ಬೆಳಿಗ್ಗೆ. ಮಂಗಳವಾರದ ಹೊತ್ತಿಗೆ ಎಲ್ಲ ಒಳಯಂತ್ರಗಳನ್ನೂ ಖಾಲಿ ಮಾಡಿಸಿದೆವು, ಸಿತ್ ಇನ್ಸಾಫ್ ಅವರದೊಂದನ್ನು ಬಿಟ್ಟು.

ಆ ಒಂದು ಏಕೆ ಏಳುವುದಿಲ್ಲ ಎಂದು ನಾನು ಕುತೈಬಾನನ್ನು ಕೇಳಿದೆ. ಅವನು ಉಗುರು ಕಡಿಯುತ್ತ ಹೇಳಿದ:

"ಸಿತ್ ಇನ್ಸಾಫ್‌ಗೆ ವೇಗ ಬೇಕಿತ್ತಲ್ಲ ಚಿಕ್ಕಪ್ಪಾ, ಅದಕ್ಕೇ ಪೆಟ್ಟಿಗೆಯ ವೇಗದ ನೆಟ್‌ವರ್ಕ್ ಕಾರ್ಡನ್ನ ನೇರ ಅವರ ಯಂತ್ರದ ಕೈಗೇ ಕೊಟ್ಟಿದೀವಿ. ಮಧ್ಯೆ ಯಾರೂ ಇಲ್ಲ. ಕಾರ್ಡು ಪೆಟ್ಟಿಗೆಗೆ ಸ್ಕ್ರೂ ಹಾಕಿ ಕೂತಿದೆ. ಅದನ್ನ ಹಿಡ್ಕೊಂಡಿರೋವರೆಗೂ ಯಂತ್ರ ಜಾಗ ಬಿಡಲ್ಲ."

"ಬಿಡಿಸಿದ್ರೆ?"

"ಲೈನು ಹೋಗತ್ತೆ. ಅದಕ್ಕೇ ಒಂದು ಉಪಾಯ ಬರ್ದಿದೀನಿ. ನಿಮ್ಮ ತಾಯಿ ಫೋನಲ್ಲಿ ಮಾತಾಡ್ತಾ ಇದಾರೆ ಅನ್ಕೊಳ್ಳಿ. ಮನೆ ಬದಲಾಯಿಸ್ಬೇಕು, ಮಾತು ನಿಲ್ಲಬಾರದು. ಏನ್ಮಾಡ್ತೀರಿ?"

"ನಮ್ಮಮ್ಮನ ಮಾತು ನಿಲ್ಲಿಸೋಕೆ ಯಾರಿಂದಲೂ ಆಗಲ್ಲಪ್ಪ."

"ಮೊದ್ಲು ಇನ್ನೊಂದು ಕೈಗೆ ಒಂದು ಸಣ್ಣ ಮೊಬೈಲ್ ಕೊಡ್ತೀರಿ. ಅದು ನಿಧಾನ, ಆದ್ರೆ ಜೊತೇಲಿ ಓಡಾಡತ್ತೆ. ಮಾತು ಅದಕ್ಕೆ ಬಂದ್ಮೇಲೆ ಗೋಡೆ ಫೋನು ಬಿಡಿಸ್ತೀರಿ. ಹೊಸ ಮನೆಗೆ ಕರ್ಕೊಂಡು ಹೋಗಿ ಅಲ್ಲಿನ ಗೋಡೆ ಫೋನು ಕೈಗೆ ಕೊಡ್ತೀರಿ. ನನ್ನ ಮೊಬೈಲು ಬರೀ ಸಾಫ್ಟ್‌ವೇರಲ್ಲಿ ಮಾಡಿದ ನಿಧಾನದ ಕಾರ್ಡು. ಎರಡಕ್ಕೂ ಒಂದೇ ಹೆಸರು. ಅತ್ತ ಫೋನಲ್ಲಿರೋರಿಗೆ ಏನೂ ಗೊತ್ತಾಗಲ್ಲ."

ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡೆ. ಆದರೆ ನಮ್ಮಲ್ಲಿ ನಿಯಮವೆಂದರೆ, ಯಂತ್ರ ಯಾರದೋ ಅವರ ಒಪ್ಪಿಗೆ ಬೇಕು. ಇಂಜಿನಿಯರ್ ರಕಾನ್ ಸಿತ್ ಇನ್ಸಾಫ್‌ಗೆ ಉದ್ದುದ್ದದ ಇಮೇಲ್‌ಗಳನ್ನು ಕಳಿಸಿದ್ದರು. ಪ್ರತಿಯೊಂದಕ್ಕೂ ಉತ್ತರ ಒಂದೇ ಪದ: ಇಲ್ಲ.

"ಇನ್ನು ಒಂದೇ ದಾರಿ," ಎಂದರು ರಕಾನ್. "ಜಾಹಾ ತಗೊಂಡು ಹೋಗೋಣ."

ನಾವು ನಕ್ಕೆವು. ಅವರು ನಗಲಿಲ್ಲ. ಜಾಹಾ ನಮ್ಮ ಕಡೆಯ ಪದ್ಧತಿ: ಹೆಣ್ಣು ಕೇಳುವುದಕ್ಕೆ, ಜಗಳ ಬಗೆಹರಿಸುವುದಕ್ಕೆ ಹಿರಿಯರು ಗುಂಪಾಗಿ ಒಂದು ಮನೆಗೆ ಹೋಗುತ್ತಾರೆ. ಮನೆಯವರು ಕಾಫಿ ಕೊಡುತ್ತಾರೆ. ಹಿರಿಯ ಬಟ್ಟಲನ್ನು ಕೆಳಗಿಟ್ಟು, ಕೇಳಿದ್ದು ಸಿಗುವವರೆಗೂ ಕುಡಿಯುವುದಿಲ್ಲ ಎನ್ನುತ್ತಾನೆ. ಬಾಗಿಲಿಗೆ ಬಂದವರ ಕಾಫಿ ಆರಿಹೋಗುವುದು ಮನೆಯವರಿಗೆ ಅವಮಾನ. ಇಮೇಲಿಗೆ 'ಇಲ್ಲ' ಎನ್ನುವುದು ಸುಲಭ, ಆರುತ್ತಿರುವ ಕಾಫಿಗೆ ಕಷ್ಟ.

"ಹಿರಿಯರು ಯಾರು?" ಎಂದು ಕೇಳಿದೆ.

ಇಬ್ಬರೂ ನನ್ನ ಬಿಳಿ ಮೀಸೆಯನ್ನು ನೋಡಿದರು.

"ಬೇಡ್ರಪ್ಪ," ಎಂದೆ. "ನಾನು ಕೇಬಲ್ ಎಳೆಯೋನು. ಅವರ ಮುಂದೆ ನಾನೇನು ಮಾತಾಡ್ಲಿ?"

"ಅಬು ಸನದ್, ನಿನ್ನ ತಂಗಿ ಮಗನ ಮದುವೆಗೆ ನೀನೇ ತಾನೆ ಮಾತಾಡಿದ್ದು? ಅದನ್ನೇ ಹೇಳು, ಹೆಸರು ಬದಲಾಯ್ಸು," ಎಂದರು ರಕಾನ್.

ಆ ಮಧ್ಯಾಹ್ನ ನಾವು ಮೂವರು ಕೋಟು ಹಾಕಿಕೊಂಡು ಮೂರನೆಯ ಮಹಡಿಗೆ ಹೋದೆವು. ಕುತೈಬಾನ ಕೋಟು ಅವನ ಅಣ್ಣನದು, ತೋಳು ಬೆರಳಿನವರೆಗೆ ಬರುತ್ತಿತ್ತು. ಸಿತ್ ಇನ್ಸಾಫ್ ಬಾಗಿಲು ತೆರೆದು, ಸಾಲಾಗಿ ನಿಂತ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು.

"ಏನಿದು, ಯಾರಾದ್ರೂ ಹೋಗ್ಬಿಟ್ರಾ?"

"ಜಾಹಾ, ಸಿತ್ ಇನ್ಸಾಫ್," ಎಂದೆ. ದನಿ ಕೀರಲಾಗಿತ್ತು.

ಒಂದು ಕ್ಷಣ ಅವರ ಹುಬ್ಬು ಮೇಲಕ್ಕೇರಿತು. ಆಮೇಲೆ ಅವರು ಕುರ್ಚಿಗಳನ್ನು ಎಳೆದು ಹಾಕಿ, ಏಲಕ್ಕಿ ಹಾಕಿದ ಕಹಿ ಕಾಫಿಯನ್ನು ತಾವೇ ಸಣ್ಣ ಬಟ್ಟಲುಗಳಿಗೆ ಸುರಿದು ಕೊಟ್ಟರು. ಬಂದವರು ಯಾವ ಕೆಲಸಕ್ಕೆ ಬಂದರೂ ಕಾಫಿ ಕಾಫಿಯೇ.

ನಾನು ನನ್ನ ಬಟ್ಟಲನ್ನು ಮೇಜಿನ ಮೇಲಿಟ್ಟೆ. ರಕಾನ್ ಇಟ್ಟರು. ಕುತೈಬಾ ಮಾತ್ರ ಕೈಯಲ್ಲೇ ಹಿಡಿದು ಕೂತ. ನಾನು ಗಂಟಲು ಸರಿಮಾಡಿಕೊಂಡು, ಬರುವ ಮಂತ್ರ ಒಂದೇ ಆದ್ದರಿಂದ ಅದನ್ನೇ ಹೇಳಿದೆ:

"ದೇವರ ಹೆಸರು ಹೇಳಿ ಬಂದಿದೀವಿ. ನಿಮ್ಮ ಮನೆತನದ ಗೌರವ ಊರಿಗೇ ಗೊತ್ತು. ನಿಮ್ಮ ಮನೆಯ ಹೆಣ್ಣುಮಗಳನ್ನ ನಮ್ಮ ಇನ್ನೊಂದು ಪೆಟ್ಟಿಗೆಗೆ ಕಳಿಸಿಕೊಡಿ ಅಂತ ಕೇಳೋಕೆ ಬಂದಿದೀವಿ. ನೀವು ಹೂಂ ಅನ್ನೋವರೆಗೂ ಈ ಕಾಫಿ ಮುಟ್ಟಲ್ಲ."

ಸಿತ್ ಇನ್ಸಾಫ್ ನಗು ತಡೆದುಕೊಂಡದ್ದು ಕೆನ್ನೆಯಲ್ಲಿ ಕಾಣಿಸಿತು. "ಹುಡುಗಿ ಇನ್ನೂ ಚಿಕ್ಕವಳು," ಎಂದರು. "ಈ ವಾರ ಪರೀಕ್ಷೆ ಬೇರೆ."

"ಇರೋ ಮನೆ ಸೋರ್ತಿದೆ ಸಿತ್," ಎಂದರು ರಕಾನ್. "ಒಂದು ವಿದ್ಯುತ್ ಘಟಕ ಹೋಗಿದೆ. ಇನ್ನೊಂದು ಗುರುವಾರ ಬೆಳಿಗ್ಗೆ ಹೋದ್ರೆ?"

"ಹೋಗದಿದ್ರೆ? ನೀವು ಮುಟ್ಟಿದ್ದಕ್ಕೇ ಹೋದ್ರೆ? ಆಗ ಅರ್ಧಕ್ಕೆ ನಿಲ್ಲೋದು ನಿಮ್ಮ ದನಿಯಲ್ಲ ಇಂಜಿನಿಯರ್ ರಕಾನ್, ನಂದು. ತರಕಾರಿ ಅಂಗಡಿಗೆ ಹೋಗಬೇಕಾದವಳು ನಾನು."

ಬಟ್ಟಲುಗಳಿಂದ ಏಳುತ್ತಿದ್ದ ಹಬೆ ತೆಳುವಾಗುತ್ತಿತ್ತು. ಅವರು ಕುತೈಬಾನ ಕಡೆ ತಿರುಗಿದರು. "ವರ ಇವನೇನಾ? ಕೋಟು ಯಾರದೋ? ಸರಿ, ಹೇಳಪ್ಪಾ. ನಮ್ಮ ಹುಡುಗಿ ಹೊಸ ಮನೆಗೆ ಕಾಲಿಟ್ಟಾಗ ಅಲ್ಲಿರೋರಿಗೆ ಸಲಾಂ ಹೇಳೋರು ಯಾರು? ಬಂದವರು ತಾನೆ ಮೊದಲು ಹೇಳ್ಬೇಕು? ನಮ್ಮವಳು ಯಾರಾದ್ರೂ ಕೇಳದೆ ಬಾಯಿ ಬಿಡಲ್ಲ. ನಾನೇ ಹಾಗೆ ಬೆಳೆಸಿದೀನಿ. ಹೊರಗೆ ಒಂದು ಮಾತೂ ತಾನಾಗಿ ಕಳಿಸಬಾರದು ಅಂತ ಬಾಯಿ ಹೊಲಿದು ಇಟ್ಟಿದೀನಿ."

ಕುತೈಬಾ ಅವರನ್ನೇ ನೋಡಿದ. ಅವನ ಮುಖದಿಂದ ಬಣ್ಣ ಇಳಿಯುತ್ತ ಹೋಯಿತು. ಬಾಯಿ ಒಣಗಿತ್ತೆಂದು ಕಾಣುತ್ತದೆ. ಕೈಯಲ್ಲಿದ್ದ ಬಟ್ಟಲನ್ನು ಎತ್ತಿ, ಒಂದೇ ಗುಟುಕಿಗೆ ಕಾಫಿಯನ್ನು ಕುಡಿದುಬಿಟ್ಟ.

ನನ್ನ ಜೀವಮಾನದಲ್ಲಿ ನಾನು ಕಂಡ ಜಾಹಾಗಳಲ್ಲಿ ಹೀಗೆ ಆದದ್ದಿಲ್ಲ. ಮನೆಯವರು ಹೂಂ ಎನ್ನುವ ಮೊದಲೇ ಬಂದವನು ಕುಡಿದರೆ, ಕೇಳಲು ಬಂದದ್ದನ್ನು ಕೈಬಿಟ್ಟೆವು ಎಂದೇ ಅರ್ಥ. ರಕಾನ್ ಕಣ್ಣು ಮುಚ್ಚಿಕೊಂಡರು. ನಾನು ಮೇಜಿನ ಕೆಳಗಿನಿಂದ ಕುತೈಬಾನ ಕಾಲನ್ನು ಒದ್ದೆ, ತಡವಾಗಿ.

"ಅಲ್ಲಾ!" ಎಂದರು ಸಿತ್ ಇನ್ಸಾಫ್. "ಕುಡಿದೇಬಿಟ್ಟ. ನಾನಂತೂ ಇನ್ನೂ ಹೂಂ ಅಂದಿಲ್ಲ. ಅಂದ್ರೆ ಬೇಡ ಅಂತಾನಾ?"

"ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಸಿತ್," ಎಂದೆ. "ಲೆಕ್ಕಕ್ಕೆ ತಗೋಬೇಡಿ, ಮಗು..."

"ಬೇಡ," ಎಂದ ಕುತೈಬಾ.

"ಏನು ಬೇಡ?" ರಕಾನ್ ಹಲ್ಲುಕಚ್ಚಿ ಕೇಳಿದರು.

"ನಾವು ಹಿಂದಕ್ಕೆ ತಗೋಬೇಕು. ಸಿತ್ ಹೇಳಿದ್ದು ಸರಿ. ಕೆಲಸ ಮಾಡ್ತಿರಲಿಲ್ಲ ಅದು." ಅವನು ಖಾಲಿ ಬಟ್ಟಲನ್ನು ತಿರುಗಿಸುತ್ತ ಹೇಳತೊಡಗಿದ. ನೆಲಮಾಳಿಗೆಯ ಸ್ವಿಚ್ಚು, ಎಂದರೆ ಎಲ್ಲ ತಂತಿಗಳೂ ಬಂದು ಸೇರುವ ಆ ಪೆಟ್ಟಿಗೆ, ಯಾವ ಹೆಸರಿನ ಯಂತ್ರ ಯಾವ ತಂತಿಯಲ್ಲಿದೆ ಎಂದು ನೆನಪಿಟ್ಟುಕೊಳ್ಳುತ್ತದೆ. ಯಂತ್ರ ಹೊಸ ತಂತಿಯಿಂದ ಒಂದು ಮಾತಾಡಿದರೆ ಸಾಕು, ಹೊಸ ವಿಳಾಸ ಕಲಿತುಬಿಡುತ್ತದೆ. ಮಾತಾಡದಿದ್ದರೆ, ಬಂದ ಕರೆಗಳನ್ನೆಲ್ಲ ಹಳೆಯ ಮನೆಗೇ ಕಳಿಸುತ್ತಿರುತ್ತದೆ. "ನಾನು ಅಭ್ಯಾಸ ಮಾಡಿದ ಯಂತ್ರ ವಾಚಾಳಿ. ಗಂಟೆ ಎಷ್ಟು ಅಂತ ಎಲ್ಲರನ್ನೂ ಕೇಳ್ತಾನೇ ಇರತ್ತೆ. ಅದಕ್ಕೇ ಪ್ರತಿ ಸಲ ಸರಿಹೋಗ್ತಿತ್ತು. ನಿಮ್ಮದು ಸುಮ್ನೆ ಕೂತಿರತ್ತೆ. ಕರೆ ಬರತ್ತೆ, ಇದಕ್ಕೆ ಕೇಳ್ಸಲ್ಲ. ಕೇಳ್ಸಲ್ಲ ಅಂತ ಮಾತಾಡಲ್ಲ. ಮಾತಾಡಲ್ಲ ಅಂತ ಸ್ವಿಚ್ಚಿಗೆ ಗೊತ್ತಾಗಲ್ಲ."

"ಅಂದ್ರೆ ಜನ ಫೋನ್ ಮಾಡಿದ್ರೆ?"

"ಖಾಲಿ ಮನೆ ಬಾಗಿಲು ತಟ್ಟಿದ ಹಾಗೆ. ಸ್ವಿಚ್ಚಿಗೆ ಮರೆವು ಬರೋವರೆಗೂ."

ಮದುವೆ ಕೇಳಲು ಹೋದ ಮನೆಯಲ್ಲಿ ವರನೇ ಎದ್ದು ನಿಂತು, ನನಗೊಂದು ರೋಗವಿದೆ ಎಂದ ಹಾಗಾಗಿತ್ತು. ನಾನು ನೆಲ ನೋಡುತ್ತ ಕೂತೆ. ಆಗ ಸಿತ್ ಇನ್ಸಾಫ್ ನಗತೊಡಗಿದರು. ಇಷ್ಟು ವರ್ಷ ಮಬ್ರೂಕ್ ಎಂದ ದನಿ ಇಷ್ಟು ದೊಡ್ಡದಾಗಿ ನಗಬಲ್ಲದೆಂದು ನನಗೆ ತಿಳಿದಿರಲಿಲ್ಲ.

"ಗೆದ್ದ ಜಾಹಾ ನೋಡಿದೀನಿ, ಓಡಿಸಿದ ಜಾಹಾ ನೋಡಿದೀನಿ," ಎಂದರು ಕಣ್ಣೊರೆಸಿಕೊಳ್ಳುತ್ತ. "ತನಗೆ ತಾನೇ ಇಲ್ಲ ಅಂದ್ಕೊಂಡ ಜಾಹಾ ಇದೇ ಮೊದಲು. ಇಂಜಿನಿಯರ್ ರಕಾನ್, ನಿಮ್ಮ ಇಮೇಲಲ್ಲಿ ಏನಿತ್ತು? ಏನೂ ಆಗಲ್ಲ, ಏನೂ ಆಗಲ್ಲ, ಏನೂ ಆಗಲ್ಲ. ಹಿಂದಿನ ಕಂಪನಿಯವರೂ ಅದನ್ನೇ ಹೇಳಿದ್ರು. ಎಲ್ಲಿ ಮುರಿಯತ್ತೆ ಅಂತ ಹೇಳಿದೋನು ಇವನೊಬ್ಬನೇ." ಮತ್ತೆ ಕುತೈಬಾನಿಗೆ: "ಸಲಾಂ ಹೇಳ್ಸೋಕೆ ಆಗತ್ತಾ?"

"ಆಗತ್ತೆ. ಅವಳ ಬಾಯಿ ಬಿಚ್ಚೋದೇ ಬೇಡ. ಆಯಾ ಪೆಟ್ಟಿಗೆಯ ಸಾಫ್ಟ್‌ವೇರೇ ಅವಳ ಹೆಸರಲ್ಲಿ ಕೂಗಿ ಹೇಳ್ಬೇಕು, ಇವಳು ಬಂದ್ಳು, ಇಲ್ಲಿದಾಳೆ ಅಂತ. ಮೊದಲು ನಿಧಾನದ ಕಾರ್ಡಿಗೆ ಇಳಿಯುವಾಗ ಒಂದು ಸಲ, ಹೋಗಿ ಮುಟ್ಟಿದಾಗ ಒಂದು ಸಲ, ಅಲ್ಲಿನ ವೇಗದ ಕಾರ್ಡು ಕೈಗೆ ಕೊಟ್ಟಾಗ ಇನ್ನೊಂದು ಸಲ."

"ಹಾಗಾದ್ರೆ ನಾಳೆ ಮೊದ್ಲು ನಿನ್ನ ವಾಚಾಳಿಯ ಬಾಯಿ ಹೊಲಿ. ಅದು ಸಾಯೋದನ್ನ ನನಗೆ ತೋರ್ಸು. ಆಮೇಲೆ ಬದುಕೋದನ್ನ ತೋರ್ಸು. ಎರಡೂ ನೋಡಿದ್ಮೇಲೆ ನನ್ನ ಹುಡುಗೀನ ಕಳಿಸ್ತೀನಿ." ಅವರು ನಮ್ಮಿಬ್ಬರ ಕಡೆ ಕೈ ಬೀಸಿದರು. "ಕುಡೀರಿ ಕುಡೀರಿ. ನಿಮ್ಮ ಹುಡುಗ ಅವಸರ ಮಾಡಿದ್ದಕ್ಕೆ ನೀವ್ಯಾಕೆ ತಣ್ಣಗಿನದು ಕುಡೀಬೇಕು? ತಾಳಿ, ಬಿಸೀದು ಹಾಕ್ತೀನಿ."

ಬುಧವಾರ ಬೆಳಿಗ್ಗೆ ಅವರು ನೆಲಮಾಳಿಗೆಗೆ ಇಳಿದು ಬಂದರು. ಅಲ್ಲಿ ಚಳಿ ಇರುತ್ತದೆಂದು ಶಾಲು ಹೊದ್ದು ಬಂದಿದ್ದರು. ಕುತೈಬಾ ಅಭ್ಯಾಸದ ಯಂತ್ರವನ್ನು ಮೌನಿಯಾಗಿಸಿ, ಹಳೆಯ ಉಪಾಯದಲ್ಲೇ ಸಾಗಿಸಿದ. ಸಿತ್ ಇನ್ಸಾಫ್ ಅದಕ್ಕೆ ಕರೆ ಮಾಡಿದರು. ಉತ್ತರವಿಲ್ಲ. ಮತ್ತೆ ಮಾಡಿದರು. ಉತ್ತರವಿಲ್ಲ. ಅವರ ಮುಖದಲ್ಲಿ ಒಂದು ಕ್ಷಣ ಇರ್ಬಿದ್‌ನ ಅಜ್ಜಿ ಹಾದುಹೋದಂತೆ ನನಗನ್ನಿಸಿತು. ಬಳಿಕ ಕುತೈಬಾ ಹೊಸದಾಗಿ ಬರೆದದ್ದನ್ನು ಸೇರಿಸಿ, ಅದನ್ನು ಮತ್ತೆ ಸಾಗಿಸಿದ. ಈ ಸಲ ಮೊದಲ ಗಂಟೆಗೇ ಎತ್ತಿತು. ಅವರು ಇನ್ನೊಮ್ಮೆ ಮಾಡಿಸಿದರು. ಇನ್ನೊಮ್ಮೆ. ರಕಾನ್ ಗಡಿಯಾರ ನೋಡಿಕೊಂಡಾಗ ಸಿತ್ ಇನ್ಸಾಫ್, "ಮನೇಲಿ ಸಾರು ಉಕ್ತಿದೆಯಾ?" ಎಂದು ಕೇಳಿದರು.

"ಸರಿ," ಎಂದರು ಕೊನೆಗೆ. ತಮ್ಮದೇ ಲೈನಿಗೆ ಫೋನ್ ಮಾಡಿ, ತಮ್ಮ ಸೋದರಳಿಯನ ಕಳೆದ ವರ್ಷದ ಆಸನ ಸಂಖ್ಯೆಯನ್ನು ಒತ್ತಿ, ಸ್ಪೀಕರ್‌ಗೆ ಹಾಕಿದರು. "ನಾನು ಕೇಳ್ತಾ ಇರ್ತೀನಿ. ಶುರು ಮಾಡೋವಾಗ ಹೇಳು."

ಅವರ ದನಿ ಅವರ ಕೈಯೊಳಗಿಂದ ಓದತೊಡಗಿತು. ಅರಬ್ಬಿ, ಇಷ್ಟು. ಇಂಗ್ಲಿಷ್, ಇಷ್ಟು. ಅವರು ತುಟಿ ಅಲುಗಿಸುತ್ತ ಜೊತೆಗೇ ಹೇಳಿಕೊಳ್ಳುತ್ತಿದ್ದರು. ಮುಗಿದ ಕೂಡಲೇ ಮತ್ತೆ ಕೇಳಲು ಗುಂಡಿ ಒತ್ತುತ್ತಿದ್ದರು. ನಾನು ಹಳೆಯ ಪೆಟ್ಟಿಗೆಯ ಹಿಂದೆ ನಿಂತು ದೀಪಗಳನ್ನು ನೋಡುತ್ತಿದ್ದೆ. ನನಗೆ ಕೊಟ್ಟ ಕೆಲಸ ಅದೊಂದೇ. ವೇಗದ ಕಾರ್ಡಿನ ಹಸಿರು ದೀಪ ಆರಿತು. ನನ್ನ ಉಸಿರು ನಿಂತಿತು. ದನಿ ನಿಲ್ಲಲಿಲ್ಲ. ಗಣಿತ, ಇಷ್ಟು. ರಸಾಯನ, ಇಷ್ಟು. ಕುತೈಬಾನ ಪರದೆಯ ಮೇಲೆ ಒಂದು ಪಟ್ಟಿ ನಿಧಾನವಾಗಿ ತುಂಬುತ್ತಿತ್ತು; ಅವನು ಕೋಟಿಲ್ಲದೆಯೂ ಬೆವರುತ್ತಿದ್ದ. ಪಟ್ಟಿ ತುಂಬಿತು. ಎದುರು ಸಾಲಿನ ಪೆಟ್ಟಿಗೆಯಲ್ಲಿ ಒಂದು ಹಸಿರು ದೀಪ ಹೊತ್ತಿಕೊಂಡಿತು. ಅದೇ ಹೊತ್ತಿಗೆ ಫೋನು, "ಮ... ಬ್ರೂಕ್, ಸಾವಿರ ಮಬ್ರೂಕ್" ಎಂದಿತು.

ಸಿತ್ ಇನ್ಸಾಫ್ ಫೋನನ್ನು ಕಿವಿಯ ಹತ್ತಿರ ಹಿಡಿದು ಹುಬ್ಬು ಗಂಟಿಕ್ಕಿದರು. "ಅಲ್ಲಿ ನಾನು ಉಗುಳು ನುಂಗಿದೆ. ಕೇಳಿಸ್ತಾ ನಿಮಗೆ? ರೆಕಾರ್ಡ್ ಮಾಡಿದಾಗ ನಾನು ಹಾಗೆ ಮಾಡಿರಲಿಲ್ಲ."

"ಇನ್ನು ಮಾಡಲ್ಲ," ಎಂದ ಕುತೈಬಾ.

"ಇರ್ಲಿ. ಶುರು ಮಾಡು ನೀನು."

"ಮುಗೀತು ಸಿತ್."

ಅವರು ಅವನನ್ನು ನೋಡಿದರು, ಎದುರಿನ ಪೆಟ್ಟಿಗೆಯನ್ನು ನೋಡಿದರು. ಕರೆ ಕಡಿದು, ಹೊಸದಾಗಿ ಫೋನ್ ಮಾಡಿದರು. ಮೊದಲ ಗಂಟೆಗೇ ಅವರದೇ ದನಿ ಅವರಿಗೆ ಸ್ವಾಗತ ಹೇಳಿತು. ಅವರು ಶಾಲಿನ ಅಂಚಿನಿಂದ ಮೂಗು ಒರೆಸಿಕೊಂಡು, "ಇಲ್ಲಿ ಬಹಳ ಚಳಿ" ಎಂದು ಹೇಳಿ, ಮೆಟ್ಟಿಲು ಹತ್ತಿ ಹೋದರು.

ಗುರುವಾರ ಕರೆಗಳು ಬಂದ ರಭಸಕ್ಕೆ ಹೊಸ ಪೆಟ್ಟಿಗೆಯ ದೀಪಗಳು ಮಿನುಗುವುದನ್ನೇ ಬಿಟ್ಟು, ಹೊತ್ತಿಕೊಂಡೇ ನಿಂತವು. ಹೊತ್ತೇರುವಷ್ಟರಲ್ಲಿ ಹೊರಗೆ ಕಾರುಗಳ ಹಾರ್ನು ಶುರುವಾಯಿತು. ಪಾಸಾದವರು ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಂದು ಕೂಗುತ್ತಿದ್ದರು. ಯಾರ ಕರೆಯೂ ಕಡಿಯಲಿಲ್ಲ. ಸಿತ್ ಇನ್ಸಾಫ್ ದೊಡ್ಡ ತಟ್ಟೆಯಲ್ಲಿ ಕುನಾಫಾ ಎಂಬ ಬಿಸಿ ಸಿಹಿತಿಂಡಿ ಹೊತ್ತು ಕೆಳಗಿಳಿದು ಬಂದು, ಕುತೈಬಾನಿಗೆ ಮೊದಲ ತುಂಡು ಕೊಟ್ಟು, "ಇದನ್ನ ಯಾರನ್ನೂ ಕೇಳದೆ ತಿನ್ನಬಹುದು" ಎಂದರು. ಅವನು ಕಿವಿಯವರೆಗೆ ಕೆಂಪಾದ. ರಕಾನ್ ಎರಡು ತುಂಡು ತಿಂದು, ಜಾಹಾದ ಯೋಚನೆ ತಮ್ಮದೆಂದು ಎಲ್ಲರಿಗೂ ಹೇಳಿದರು. ಅದು ನಿಜವೂ ಹೌದು.

ನನಗೆ ಗೊತ್ತಿಲ್ಲದ ಎರಡು ವಿಷಯಗಳಿವೆ. ಸಿತ್ ಇನ್ಸಾಫ್ ಸಲಾಮಿನ ಪ್ರಶ್ನೆ ಕೇಳಿದಾಗ ಸ್ವಿಚ್ಚಿನ ಮರೆವು ನೆನಪುಗಳ ವಿಷಯ ತಿಳಿದೇ ಕೇಳಿದರೋ, ನನ್ನ ಮದುವೆ ಮಾತಿಗೆ ಮದುವೆ ಮಾತು ಸೇರಿಸಿ ತಮಾಷೆ ಮಾಡಿದರೋ? ಕೇಳಿದ್ದಕ್ಕೆ ನಕ್ಕರು, ಹೇಳಲಿಲ್ಲ. ಇನ್ನೊಂದು ಆ ಹಳೆಯ ಪೆಟ್ಟಿಗೆಯದು. ಅದನ್ನು ಆರಿಸಲು ಯಾರಿಗೂ ನೆನಪಾಗದೆ, ಗುರುವಾರವಿಡೀ ಖಾಲಿಯಾಗಿಯೇ ಓಡುತ್ತಿತ್ತು. ಫ್ಯಾನು ಕರಕರ ಎನ್ನುತ್ತಲೇ ಇತ್ತು, ನಿಲ್ಲಲಿಲ್ಲ. ಸಿತ್ ಇನ್ಸಾಫ್ ದನಿ ಅದರೊಳಗೇ ಇದ್ದಿದ್ದರೆ, ಅಷ್ಟು ಕರೆಗಳ ಭಾರಕ್ಕೆ ಅದು ನಿಂತುಹೋಗುತ್ತಿತ್ತೋ ಇಲ್ಲವೋ, ನಾನು ಹೇಳಲಾರೆ.